ಬೋಕಿಯ ಸಾಕ್ಷ್ಯ

ಕುಂದಗೋಳ ತಾಲೂಕಿನ ಯರಗುಪ್ಪಿಯ ಹೆಸರನ್ನು ಕೇಳಿದೊಡನೆ ಕನ್ನಡಿಗನ ಕಿವಿಯಲ್ಲಿ ಎರಡು ಮಾತುಗಳು ನಿಲ್ಲುತ್ತವೆ: ಯರೆ ಮತ್ತು ಗುಪ್ಪೆ. ಕರಿಯ ಮಣ್ಣಿನ ರಾಶಿಯೆಂಬ ಆ ಅರ್ಥವು ಸಾಧುವೋ ಅಸಾಧುವೋ ಎಂಬುದನ್ನು ಶಬ್ದಶಾಸ್ತ್ರಜ್ಞರು ನಿರ್ಣಯಿಸಲಿ. ಹೆಸರು ಹೇಗೆಯೇ ಬಂದಿರಲಿ, ಆ ಸೀಮೆಯ ಐಶ್ವರ್ಯವೆಲ್ಲ ಮಣ್ಣಿನದೇ ಎಂಬುದರಲ್ಲಿ ವಿವಾದವಿಲ್ಲ. ಹತ್ತಿ, ಜೋಳ, ಕಡಲೆ, ಮೆಣಸಿನಕಾಯಿ ಇವೆಲ್ಲ ಯರೆಯ ಪ್ರಸಾದ. ಆದರೆ ಮಣ್ಣು ಅನ್ನವನ್ನಲ್ಲದೆ ಇನ್ನೊಂದನ್ನೂ ತನ್ನ ಒಡಲಲ್ಲಿಟ್ಟುಕೊಂಡಿರುತ್ತದೆ. ಅದು ಗತಿಸಿದವರ ಬಾಳಿನ ಸಾಕ್ಷ್ಯ. ಮೊದಲನೆಯ ಬೆಳೆಯು ವರುಷ ವರುಷವೂ ಬರುತ್ತದೆ; ಎರಡನೆಯದು ಒಮ್ಮೆ ಕೆಟ್ಟರೆ ಮರಳಿ ಬರುವುದಿಲ್ಲ. ಈ ಎರಡನೆಯ ಬೆಳೆಯನ್ನು ಧಾರವಾಡ ಸೀಮೆಯ ವಿದ್ಯಾವಂತರು ಹೇಗೆ ನಡೆಯಿಸಿಕೊಳ್ಳುತ್ತಿದ್ದಾರೆಂಬುದೇ ಇಲ್ಲಿ ವಿಚಾರಣೀಯವಾದ ಸಂಗತಿ.

ರಂಟೆಯ ಕುಳಕ್ಕೆ ಚಿನ್ನದ ನಾಣ್ಯವೊಂದು ತಾಗಿತೆನ್ನಿರಿ. ಊರಿಗೆ ಊರೇ ಹೊಲಕ್ಕೆ ಓಡುತ್ತದೆ. ವರ್ತಮಾನಪತ್ರಗಳಲ್ಲಿ ಸುದ್ದಿ ಬರುತ್ತದೆ. ನಾಣ್ಯದ ಮೇಲೆ ರೋಮಿನ ಚಕ್ರವರ್ತಿಯ ಮುಖವಿದ್ದರಂತೂ ಸಂಭ್ರಮಕ್ಕೆ ಪಾರವಿಲ್ಲ. ರೋಮನರು ಇಲ್ಲಿ ಬಂದು ನೆಲೆಸಿದ್ದರೆಂದೂ, ಊರು ಅಂದು ದೊಡ್ಡ ಪಟ್ಟಣವಾಗಿತ್ತೆಂದೂ ಭಾಷಣಗಳಾಗುತ್ತವೆ. ಅದೇ ಕುಳಕ್ಕೆ ಅದೇ ಹೊಲದಲ್ಲಿ ಮಡಕೆಯ ಚೂರುಗಳು ನೂರಾರು ತಾಗುತ್ತವೆ. ಒಕ್ಕಲಿಗನು ಅವನ್ನು ಬೋಕಿಯೆಂದು ಒಡ್ಡಿನ ಮೇಲೆ ಎಸೆಯುತ್ತಾನೆ, ಹುಡುಗರು ಆಯ್ದುಕೊಂಡು ಬಿಲ್ಲೆಯಾಡುತ್ತಾರೆ. ಒಕ್ಕಲಿಗನ ಮೇಲೆ ತಪ್ಪು ಹೊರಿಸುವಂತಿಲ್ಲ, ಹುಡುಗರ ಮೇಲಂತೂ ಇಲ್ಲವೇ ಇಲ್ಲ. ಆದರೆ ನಾಣ್ಯವನ್ನು ನೋಡಲು ಧಾರವಾಡದಿಂದಲೂ ಹುಬ್ಬಳ್ಳಿಯಿಂದಲೂ ಮೋಟಾರಿನಲ್ಲಿ ಬಂದ ಪದವೀಧರನು ಆ ಬೋಕಿಗಳನ್ನು ತುಳಿದುಕೊಂಡೇ ಹೋದರೆ ಅವನನ್ನು ಏನೆಂದು ಕರೆಯಬೇಕು?

ಈ ನಡತೆಯಲ್ಲಿ ಎರಡು ಭ್ರಾಂತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬೆಲೆಯುಳ್ಳ ವಸ್ತುವೇ ಇತಿಹಾಸಕ್ಕೆ ಸಾಕ್ಷಿಯೆಂಬುದು ಒಂದು. ದೂರದ ರೋಮಿನ ನಂಟನ್ನು ಹೇಳಿಕೊಂಡರೇ ಕನ್ನಡ ನೆಲಕ್ಕೆ ಗೌರವವೆಂಬುದು ಎರಡನೆಯದು. ಇವೆರಡೂ ತಪ್ಪೆಂಬುದನ್ನು ರೋಮಿನವರ ನೆಲವೇ ಎಲ್ಲಕ್ಕಿಂತ ಚೆನ್ನಾಗಿ ಸಿದ್ಧಪಡಿಸಿ ತೋರಿಸುತ್ತದೆ.

ಇಂಗ್ಲಂಡದ ಬಡಗಣ ಅಂಚಿನಲ್ಲಿ, ಚಕ್ರವರ್ತಿ ಹೇಡ್ರಿಯನ್ ಕ್ರಿ. ಶ. ೧೨೨ರಲ್ಲಿ ಕಟ್ಟಲಾರಂಭಿಸಿದ ಮಹಾಭಿತ್ತಿಯ ದಕ್ಷಿಣಕ್ಕೆ ತುಸು ದೂರದಲ್ಲಿ, ವಿಂಡೊಲಾಂಡಾ ಎಂಬ ಗಡಿಠಾಣ್ಯವಿದೆ. ಗೋಡೆಯೇಳುವುದಕ್ಕೆ ಮೂರು ನಾಲ್ಕು ದಶಕಗಳ ಮೊದಲೇ, ಸುಮಾರು ಕ್ರಿ. ಶ. ೮೫ರಲ್ಲಿ, ಅಲ್ಲಿ ಕಟ್ಟಿಗೆಯ ಕೋಟೆಯೊಂದು ಎದ್ದಿತ್ತು. ಅದು ಜೀರ್ಣವಾದಂತೆಲ್ಲ ಕೆಡವಿ, ಮೇಲೆ ಮಣ್ಣು ಹೆಂಟೆ ಹಾಕಿ, ಮತ್ತೊಂದನ್ನು ಕಟ್ಟುತ್ತ ಹೋದರು. ಹೀಗೆ ಕೋಟೆಯ ಮೇಲೆ ಕೋಟೆ ಪದರಪದರವಾಗಿ ಕುಳಿತವು. ಕೆಳಗಣ ಪದರಗಳಿಗೆ ಗಾಳಿಯ ಸೋಂಕು ತಪ್ಪಿ, ನೆಲದ ತೇವದಲ್ಲಿ ಅವು ಕೊಳೆಯದೆ ಉಳಿದವು. ೧೯೭೩ರಲ್ಲಿ ರಾಬಿನ್ ಬರ್ಲಿಯೆಂಬ ಪುರಾತತ್ತ್ವಜ್ಞನು ನೀರು ಹರಿದುಹೋಗಲೆಂದು ಕಾಲುವೆ ತೋಡಿಸುತ್ತಿರುವಾಗ, ಬಡಗಿಯ ಹತ್ತರಿಯ ಹೊಟ್ಟಿನಂಥ ತೆಳುವಾದ ಕಟ್ಟಿಗೆಯ ಸೀಳುಗಳು ಕೈಗೆ ಬಂದವು. ಒಂದಕ್ಕೊಂದು ಅಂಟಿಕೊಂಡಿದ್ದ ಎರಡನ್ನು ಬಿಡಿಸಿ ನೋಡಿದರೆ ಒಳಗೆ ಮಸಿಯ ಗುರುತು! ಅಂದಿನಿಂದ ಇಂದಿನವರೆಗೆ ಅಂಥ ಓಲೆಗಳು ಸಾವಿರಕ್ಕೂ ಮಿಕ್ಕು ದೊರೆತಿವೆ.

ಅವುಗಳಲ್ಲಿರುವುದು ಯುದ್ಧವರ್ಣನೆಯಲ್ಲ, ರಾಜಪ್ರಶಸ್ತಿಯೂ ಅಲ್ಲ. ಒಬ್ಬ ಅಧಿಕಾರಿಯ ಹೆಂಡತಿ ಕ್ಲಾಡಿಯಾ ಸೆವೆರಾ ಎಂಬವಳು ಇನ್ನೊಬ್ಬ ಅಧಿಕಾರಿಯ ಹೆಂಡತಿ ಸುಲ್ಪಿಸಿಯಾ ಲೆಪಿಡಿನಾಳನ್ನು ಸಪ್ಟಂಬರ ೧೧ರಂದು ತನ್ನ ಹುಟ್ಟುಹಬ್ಬಕ್ಕೆ ಬರಬೇಕೆಂದು ಕರೆದ ಪತ್ರವು ಅವುಗಳಲ್ಲೊಂದು. ಒಕ್ಕಣೆಯನ್ನು ಲಿಪಿಕಾರನು ಬರೆದಿದ್ದರೂ ಕಡೆಯ ಸಾಲುಗಳನ್ನು ಆಕೆಯೇ ತನ್ನ ಕೈಯಿಂದ ಬರೆದಿದ್ದಾಳೆ. ಹೆಂಗಸೊಬ್ಬಳು ಲ್ಯಾಟಿನ್ ಭಾಷೆಯಲ್ಲಿ ಸ್ವಹಸ್ತದಿಂದ ಬರೆದ ಅತ್ಯಂತ ಪ್ರಾಚೀನ ಬರಹಗಳಲ್ಲಿ ಅದು ಒಂದಾಗಿದೆ. ಮತ್ತೊಂದು ಓಲೆಯು ಚಳಿಯಲ್ಲಿ ನಡುಗುತ್ತಿದ್ದ ಸಿಪಾಯಿಗೆ ಕಾಲುಚೀಲ, ಚಪ್ಪಲಿ, ಒಳಚಡ್ಡಿಗಳನ್ನು ಕಳಿಸಿದ ಸುದ್ದಿಯನ್ನು ಹೇಳುತ್ತದೆ. ಇನ್ನೊಂದರಲ್ಲಿ ಪಡೆಯ ಹಾಜರಿಯಿದೆ: ಪಟ್ಟಿಯಲ್ಲಿರುವ ಜನ ೭೫೨, ಅವರಲ್ಲಿ ೪೫೬ ಮಂದಿ ಬೇರೆ ಬೇರೆ ಕೆಲಸಗಳ ಮೇಲೆ ಹೊರಗೆ, ಕೋಟೆಯಲ್ಲಿರುವವರು ೨೯೬, ಅವರಲ್ಲಿಯೂ ೩೧ ಜನ ಅಶಕ್ತರು, ಅವರೊಳಗೆ ಹತ್ತು ಜನರಿಗೆ ಕಣ್ಣುಬೇನೆ. ರೋಮಿನ ಗಡಿಯೆಂದರೆ ಹೊಳೆಯುವ ಕವಚಗಳ ಅಭೇದ್ಯವಾದ ಸಾಲೆಂದು ನಂಬಿದ್ದವರಿಗೆ ಈ ಒಂದು ಚೂರು ಕಟ್ಟಿಗೆ ಎಂಥ ಪಾಠವನ್ನು ಕಲಿಸಿತು! ರೋಮಿನ ಕಾನೂನು ಸಿಪಾಯಿಗೆ ಮದುವೆಯನ್ನು ನಿಷೇಧಿಸಿತ್ತು. ಗ್ರಂಥಗಳನ್ನು ಮಾತ್ರವೇ ಓದಿದವನು ಕೋಟೆಯೊಳಗೆ ಗಂಡಸರಷ್ಟೇ ಇದ್ದರೆಂದು ಬರೆಯುತ್ತಿದ್ದನು. ಆದರೆ ಆ ನೆಲದ ತಿಪ್ಪೆಗಳಿಂದ ಸಾವಿರಾರು ಹರಕು ಕೆರಗಳು ಹೊರಬಂದವು. ಅವುಗಳಲ್ಲಿ ಹೆಂಗಸರವೂ ಎಳೆಯ ಮಕ್ಕಳವೂ ಇದ್ದವು. ಕಾನೂನು ಒಂದು ಹೇಳಿತು, ಕೆರವು ಇನ್ನೊಂದು ಹೇಳಿತು. ಕೆರದ ಮಾತೇ ನಿಜವಾಯಿತು.

ಇವೆಲ್ಲವೂ ಕಸವೇ ಎಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಸಾಹುಕಾರನ ಪೆಟ್ಟಿಗೆಯಲ್ಲಿ ಇವುಗಳಿಗೆ ಮೂರು ಕಾಸಿನ ಬೆಲೆಯಿಲ್ಲ. ಚಿನ್ನವನ್ನರಸಿ ಆ ದಿಬ್ಬವನ್ನು ಯಾರಾದರೂ ಮೊದಲೇ ಅಗೆದಿದ್ದರೆ ಲೆಪಿಡಿನಾಳ ಹೆಸರು ಜಗತ್ತಿಗೆ ತಿಳಿಯುತ್ತಿರಲಿಲ್ಲ. ಅಗೆದವನಿಗೆ ತಾನು ಏನನ್ನು ಕೆಡಿಸಿದೆನೆಂಬ ಅರಿವೂ ಇರುತ್ತಿರಲಿಲ್ಲ.

ಆ ಓಲೆಗಳಲ್ಲಿ ಕನ್ನಡ ಕರಾವಳಿಯ ನೆರೆಹೊರೆಗೂ ಸಂಬಂಧಪಟ್ಟ ಮಾತೊಂದಿದೆ. ಲೆಕ್ಕದ ಓಲೆಯೊಂದರಲ್ಲಿ ಸಿಪಾಯಿಯೊಬ್ಬನ ಹೆಸರಿನಲ್ಲಿ ಎರಡು ದಿನಾರಗಳ ಮೆಣಸಿನ ಬಾಬು ಬರೆದಿದೆ. ಅದು ಕರಿಯ ಮೆಣಸು. ಪಡುವಣ ಘಟ್ಟದ ಮಳೆಗಾಡಿನಲ್ಲಿ ಹಬ್ಬುವ ಬಳ್ಳಿಯ ಕಾಳು. ಜರ್ಮನಿಯ ಓಬರಾಡನ್ನಿನಲ್ಲಿದ್ದ ರೋಮನ್ ಸೇನಾಶಿಬಿರದ ನೆಲದಲ್ಲಿಯೂ ಆ ಕಾಳುಗಳು ಸಿಕ್ಕಿವೆ. ಈಜಿಪ್ತದ ಕೆಂಪು ಸಮುದ್ರದ ದಂಡೆಯ ಬೆರೆನಿಕೆಯೆಂಬ ಬಂದರಿನ ದೇವಾಲಯದಲ್ಲಿ, ಹಿಂದುಸ್ಥಾನದ ಹರಿವಿಯೊಂದರಲ್ಲಿ ಏಳೂವರೆ ಕಿಲೋ ಮೆಣಸು ಇಟ್ಟಂತೆಯೇ ಉಳಿದಿತ್ತು. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸುಗಳು ಹಿಂದುಸ್ಥಾನಕ್ಕೆ ಹರಿದುಹೋಗುತ್ತಿವೆಯೆಂದು ರೋಮಿನ ಪ್ಲಿನಿಯು ಗೊಣಗಿದ್ದನ್ನು ಕಾಲೇಜಿನ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಆದರೆ ಹಣದ ಬದಲಿಗೆ ಹೋದ ಸರಕು ಚಕ್ರವರ್ತಿಯ ಪಂಕ್ತಿಯಲ್ಲಿ ಮಾತ್ರವಲ್ಲ, ಸಾಮ್ರಾಜ್ಯದ ಕೊಟ್ಟಕೊನೆಯ ಚಳಿಯ ಠಾಣ್ಯದಲ್ಲಿದ್ದ ಸಿಪಾಯಿಯ ಗಡಿಗೆಯಲ್ಲಿಯೂ ಬಿದ್ದಿತ್ತೆಂಬುದನ್ನು ಪ್ಲಿನಿ ಹೇಳಲಿಲ್ಲ, ಕಸವು ಹೇಳಿತು.

ಇನ್ನು ಎರಡನೆಯ ಭ್ರಾಂತಿಗೆ ಬರಬಹುದು. ವಿಂಡೊಲಾಂಡಾದಲ್ಲಿ ಮೆಣಸಿನ ಲೆಕ್ಕ ಸಿಕ್ಕಿತೆಂದು ಅಲ್ಲಿಯ ಜನ ಮಲಬಾರದವರು ತಮ್ಮ ಊರಿನಲ್ಲಿ ನೆಲೆಸಿದ್ದರೆಂದು ಮೆರವಣಿಗೆ ತೆಗೆಯಲಿಲ್ಲ. ಸರಕು ಕೈಯಿಂದ ಕೈಗೆ ದಾಟಿಕೊಂಡು ಬರುತ್ತದೆ, ಅದರ ಹಿಂದೆ ಬೆಳೆದವನು ಬರಬೇಕಾಗಿಲ್ಲ ಎಂಬ ವಿವೇಕ ಅವರಿಗಿದೆ. ಅದೇ ವಿವೇಕವು ಇಲ್ಲಿ ನಾಣ್ಯದ ಮುಂದೆ ಏಕೆ ಮಾಯವಾಗುತ್ತದೆ? ನಾಣ್ಯವೂ ಕೈಯಿಂದ ಕೈಗೆ ದಾಟುವ ಸರಕೇ ಅಲ್ಲವೇ?

ಕನ್ನಡ ನೆಲದಲ್ಲಿ ರೋಮಿನ ನಾಣ್ಯಗಳು ಸಿಕ್ಕಿಲ್ಲವೆಂದು ಯಾರೂ ಅನ್ನುವುದಿಲ್ಲ. ಬೆಂಗಳೂರಿನ ಯಶವಂತಪುರದಲ್ಲಿ ೧೮೯೧ರಲ್ಲಿ ೧೬೩ ಬೆಳ್ಳಿಯ ದಿನಾರಗಳೂ, ಅದೇ ನಗರದ ವಿಮಾನ ನಿಲ್ದಾಣದ ನೆಲದಲ್ಲಿ ೧೯೬೫ರಲ್ಲಿ ೨೫೬ ದಿನಾರಗಳೂ ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್, ತೈಬೀರಿಯಸರ ನಾಣ್ಯಗಳು ದೊರೆತಿವೆ. ಯರಗುಪ್ಪಿಗೆ ಇವೆಲ್ಲಕ್ಕಿಂತ ಸಮೀಪವಾದ ಹಾನಗಲ್ಲ ತಾಲೂಕಿನ ಅಕ್ಕಿಆಲೂರಿನಲ್ಲಿ ಐದು ಆರನೆಯ ಶತಮಾನಗಳ ಪೂರ್ವರೋಮಿನ ಚಕ್ರವರ್ತಿಗಳ ಚಿನ್ನದ ನಾಣ್ಯಗಳ ನಿಧಿಯೇ ಸಿಕ್ಕಿದೆ. ಇವು ಅಮೂಲ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗಡಿಗೆಯಲ್ಲಿ ಹೂತಿಟ್ಟ ನಾಣ್ಯ ಎಷ್ಟು ಮಾತಾಡಬಲ್ಲದು? ತಾನು ಯಾವ ಅರಸನ ಕಾಲದಲ್ಲಿ ಅಚ್ಚಾದೆನೆಂದು ಹೇಳುತ್ತದೆ; ಯಾವಾಗ ಈ ನೆಲಕ್ಕೆ ಬಂದೆನೆಂದು ಹೇಳುವುದಿಲ್ಲ. ನೀರೋ ಚಕ್ರವರ್ತಿಯು ಕ್ರಿ. ಶ. ೬೪ರಲ್ಲಿ ಬೆಳ್ಳಿಯ ನಾಣ್ಯದಲ್ಲಿ ಬೆರಕೆ ಹೆಚ್ಚಿಸಿದ ಮೇಲೆ ವ್ಯಾಪಾರಿಗಳು ಹಳೆಯ ಒಳ್ಳೆಯ ಬೆಳ್ಳಿಯ ನಾಣ್ಯಗಳನ್ನೇ ಆಯ್ದು ತಂದಿರಬಹುದು. ಹಾಗಿದ್ದರೆ ತೈಬೀರಿಯಸನ ಮುಖವಿರುವ ನಾಣ್ಯವು ಅವನು ಸತ್ತು ಎರಡು ತಲೆಗಳಾದ ಮೇಲೆ ಬಂದುದಾಗಬಹುದು. ಹಿಂದುಸ್ಥಾನದಲ್ಲಿ ಸಿಕ್ಕ ರೋಮಿನ ಚಿನ್ನದ ನಾಣ್ಯಗಳಲ್ಲಿ ಅನೇಕಕ್ಕೆ ತೂತು ಕೊರೆದಿದೆ, ಕೆಲವಕ್ಕೆ ಕೊಂಡಿ ಹಾಕಿದೆ. ಅವು ಯಾರದೋ ಕೊರಳಲ್ಲಿ ಸರವಾಗಿ ತಲೆತಲಾಂತರ ಇದ್ದವು. ಇಲ್ಲಿಯ ಅಕ್ಕಸಾಲಿಗರೇ ರೋಮಿನ ನಾಣ್ಯವನ್ನು ನೋಡಿ ಎರಕ ಹೊಯ್ದ ಅನುಕರಣಗಳೂ ಉಂಟು. ಇಷ್ಟು ಸಂದೇಹಗಳಿಗೆ ಎಡೆಯಿರುವ ವಸ್ತುವನ್ನು ಹಿಡಿದು ರೋಮನರ ವಸಾಹತುವನ್ನೇ ಕಟ್ಟುವುದು ನೂಲಿಲ್ಲದೆ ನೇಯ್ಗೆ ಹೂಡಿದಂತೆ.

ಆ ನಾಣ್ಯಕ್ಕೆ ಬಾಯಿ ಬರುವುದು ಯಾವಾಗ? ಅದು ಯಾವ ಪದರದಲ್ಲಿ, ಯಾವ ಬೋಕಿಗಳ ಮಗ್ಗುಲಲ್ಲಿ, ಯಾವ ನೆಲಗಟ್ಟಿನ ಮೇಲೆ ಇತ್ತೆಂಬುದು ತಿಳಿದಾಗ. ಈ ಮಾತಿಗೆ ಕನ್ನಡ ನಾಡಿನಲ್ಲಿಯೇ ನಿದರ್ಶನವಿದೆ. ಮಾರ್ಟಿಮರ್ ವ್ಹೀಲರರು ತರುಣರಾಗಿದ್ದಾಗ ವೇಲ್ಸಿನ ರೋಮನ್ ಗಡಿಕೋಟೆಗಳಲ್ಲಿ ಕೆಲಸ ಮಾಡಿದವರು. ೧೯೨೧-೨೨ರಲ್ಲಿ ಸೆಗೊಂಟಿಯಮ್ ಕೋಟೆಯನ್ನೂ, ೧೯೨೪-೨೫ರಲ್ಲಿ ಬ್ರೆಕನ್ನಿನ ಸಮೀಪದ ಕೋಟೆಯನ್ನೂ ಅಗೆಯಿಸಿದರು. ೧೯೪೪ರಲ್ಲಿ ಹಿಂದುಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಾಧಿಕಾರಿಗಳಾಗಿ ಬಂದರು. ೧೯೪೫ರಲ್ಲಿ ಪುದುಚೇರಿಯ ಹತ್ತಿರದ ಅರಿಕಮೇಡಿನಲ್ಲಿ ಅಗೆದಾಗ ಅವರ ಕೈಗೆ ಬಂದುದು ಚಿನ್ನವಲ್ಲ. ಇಟಲಿಯಲ್ಲಿ ಮಾಡಿದ ಕೆಂಪು ನುಣುಪಿನ ಪಾತ್ರೆಯ ಚೂರುಗಳು. ಆ ಪಾತ್ರೆಗಳ ಕಾಲವು ಯೂರೋಪದ ಕೋಟೆಗಳಿಂದ ನಿಶ್ಚಿತವಾಗಿತ್ತು. ಅವುಗಳ ಜತೆಯಲ್ಲಿ, ಒಳಗಡೆ ಚುಕ್ಕೆಗೀರುಗಳ ಬಳೆಗಳುಳ್ಳ ಇನ್ನೊಂದು ಬಗೆಯ ನುಣುಪು ಬೋಕಿಗಳಿದ್ದವು. ೧೯೪೭ರಲ್ಲಿ ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಅಗೆದಾಗ ಈ ಎರಡನೆಯ ಬಗೆಯ ಬೋಕಿಯೇ ಮತ್ತೆ ಕಾಣಿಸಿಕೊಂಡಿತು. ಆ ಬೋಕಿಯ ಕೈಹಿಡಿದು ಅವರು ಬ್ರಹ್ಮಗಿರಿಯ ಪದರಗಳಿಗೆ ಕಾಲವನ್ನು ಗೊತ್ತುಮಾಡಿದರು: ಕೆಳಗೆ ಕಲ್ಲಿನ ಕೊಡಲಿಯವರು, ನಡುವೆ ಬೃಹತ್‌ಶಿಲೆಗಳ ಗೋರಿ ಕಟ್ಟಿದವರು, ಮೇಲೆ ಆಂಧ್ರ ಅರಸರ ಕಾಲದವರು. ಅಶೋಕನ ಶಾಸನವು ಬ್ರಹ್ಮಗಿರಿಯಲ್ಲಿ ಸಿಕ್ಕದ್ದು ೧೮೯೨ರಲ್ಲಿ. ಆದರೆ ಆ ಶಾಸನವನ್ನು ಓದಿದವರು ಹೇಗೆ ಉಣ್ಣುತ್ತಿದ್ದರು, ಸತ್ತವರನ್ನು ಹೇಗೆ ಹೂಳುತ್ತಿದ್ದರು ಎಂಬುದನ್ನು ಶಾಸನದ ಬಂಡೆಯು ಹೇಳಿರಲಿಲ್ಲ. ವ್ಹೀಲರರಿಗಿಂತ ಮೊದಲೇ ಈ ಎರಡೂ ಸ್ಥಳಗಳಲ್ಲಿ ಅಗೆಯಿಸಿದ್ದ ಮೈಸೂರಿನ ಡಾ. ಎಂ. ಎಚ್. ಕೃಷ್ಣರ ಹೆಸರನ್ನು ಈ ಸಂದರ್ಭದಲ್ಲಿ ನೆನೆಯದಿರುವುದು ಕೃತಘ್ನತೆ.

ಆದರೆ ವ್ಹೀಲರರ ಮಾತೂ ಕಡೆಯ ಮಾತಾಗಲಿಲ್ಲ. ಎಲ್ಲಕ್ಕೂ ರೋಮಿನ ಗಡಿಯಾರವನ್ನೇ ಹಿಡಿದ ಅವರು, ಕಲ್ಲಿನ ಕೊಡಲಿಯವರು ಕ್ರಿ. ಪೂ. ಒಂದನೆಯ ಸಹಸ್ರಮಾನದ ಆದಿಭಾಗಕ್ಕಿಂತ ಹಿಂದಿನವರಲ್ಲವೆಂದು ಬಗೆದಿದ್ದರು. ಮುಂದೆ ಸುಟ್ಟ ಇದ್ದಲಿನಿಂದ ಕಾಲವನ್ನು ಅಳೆಯುವ ಇಂಗಾಲದ ವಿಧಾನವು ಬಂದ ಮೇಲೆ, ದಕ್ಷಿಣದ ಆ ಕೃಷಿಕರು ಕ್ರಿ. ಪೂ. ಮೂರನೆಯ ಸಹಸ್ರಮಾನದಷ್ಟು ಪ್ರಾಚೀನರೆಂದು ಸಿದ್ಧವಾಯಿತು. ೧೯೮೩ರಲ್ಲಿ ವಿಮಲಾ ಬೆಗ್ಲಿಯವರು ಅರಿಕಮೇಡಿನ ಸಾಮಗ್ರಿಯನ್ನು ಮತ್ತೆ ಪರಿಶೀಲಿಸಿ, ಚುಕ್ಕೆಗೀರಿನ ಬೋಕಿಗಳು ರೋಮಿನ ವ್ಯಾಪಾರಕ್ಕಿಂತ ಮೊದಲೇ, ಕ್ರಿ. ಪೂ. ಎರಡನೆಯ ಶತಮಾನದ ಸುಮಾರಿಗೇ ಇದ್ದವೆಂದು ತೋರಿಸಿದರು. ಅವು ಹಿಂದುಸ್ಥಾನದ ಮಣ್ಣಿನಿಂದ ಹಿಂದುಸ್ಥಾನದ ಕುಂಬಾರರೇ ಮಾಡಿದವು. ರೋಮಿನ ಬೆರಗಿನಲ್ಲಿದ್ದ ಮಹಾಪಂಡಿತನಿಗೂ ಈ ನೆಲದ ಕುಂಬಾರನ ವಯಸ್ಸು ಸರಿಯಾಗಿ ಕಾಣಲಿಲ್ಲವೆಂದ ಮೇಲೆ, ಒಂದು ನಾಣ್ಯವನ್ನು ಹಿಡಿದು ಕುಣಿಯುವವರ ಪಾಡೇನು? ಇಷ್ಟಾದರೂ ಒಂದು ಮಾತನ್ನು ಹೇಳಲೇಬೇಕು. ವ್ಹೀಲರರ ತಪ್ಪನ್ನು ತಿದ್ದಲು ಸಾಧ್ಯವಾದುದು ಅವರು ಪದರಗಳನ್ನು ಬರೆದಿಟ್ಟದ್ದರಿಂದ, ಬೋಕಿಗಳನ್ನು ಕಾದಿಟ್ಟದ್ದರಿಂದ. ಬರೆದಿಟ್ಟ ತಪ್ಪಿಗೆ ತಿದ್ದುಪಡಿಯುಂಟು. ಚಕ್ಕಡಿಯಲ್ಲಿ ಹೇರಿಹೋದ ದಿಬ್ಬಕ್ಕೆ ತಿದ್ದುಪಡಿಯಿಲ್ಲ.

ಚಕ್ಕಡಿಯ ಮಾತು ಸುಮ್ಮನೆ ಬಂದುದಲ್ಲ. ಬಯಲುಸೀಮೆಯಲ್ಲಿ ಹಾಳೂರ ದಿಬ್ಬಗಳ ಬೂದಿಬಣ್ಣದ ಮಣ್ಣು ಒಳ್ಳೆಯ ಗೊಬ್ಬರವೆಂಬುದು ಒಕ್ಕಲಿಗರಿಗೆಲ್ಲ ಗೊತ್ತು. ಏಕೆ ಒಳ್ಳೆಯದು? ಅಲ್ಲಿ ನೂರಾರು ವರ್ಷ ಜನರು ಒಲೆ ಹೂಡಿದ್ದರು, ದನ ಕಟ್ಟಿದ್ದರು, ಎಲುಬು ಬೂದಿ ಸಗಣಿಗಳನ್ನು ಚೆಲ್ಲಿದ್ದರು ಎಂಬ ಕಾರಣಕ್ಕಾಗಿಯೇ. ಅಂದರೆ ಹೊಲಕ್ಕೆ ಸಾರವಾದುದೇ ಇತಿಹಾಸಕ್ಕೂ ಸಾರ. ಹಿಂದೆ ಚಕ್ಕಡಿಯಲ್ಲಿ ಒಯ್ಯುತ್ತಿದ್ದಾಗ ಒಂದು ದಿಬ್ಬ ತೀರಲು ಒಂದು ತಲೆಮಾರು ಬೇಕಾಗುತ್ತಿತ್ತು. ಇಂದು ಜೆಸಿಬಿಯೂ ಟ್ರ್ಯಾಕ್ಟರೂ ಕೂಡಿದರೆ ನಾಲ್ಕು ದಿನ ಸಾಕು. ಊರ ಕಾವಲಿಗೆ ಕಟ್ಟಿದ ಹುಡೇವುಗಳ ಗತಿಯೂ ಇದೇ. ರೋಮಿನ ಸಿಪಾಯಿಯು ನಿಂತು ಕಾಯುತ್ತಿದ್ದ ಗೋಪುರದ ತಳಪಾಯವನ್ನು ಅಂಗುಲ ಅಂಗುಲವಾಗಿ ಅಳೆದ ಪುಸ್ತಕಗಳನ್ನು ಓದಿ ತಲೆದೂಗುವವರ ಸ್ವಂತ ಊರಿನಲ್ಲಿಯೇ ಹುಡೇವು ಮಳೆಗೆ ಕರಗುತ್ತದೆ; ಅದರ ಸುತ್ತಳತೆ ಎಷ್ಟೆಂದು ಕೇಳಿದರೆ ಹೇಳಬಲ್ಲವರಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಮೂರು. ಬಡ ಒಕ್ಕಲಿಗನ ಹೊಟ್ಟೆಗಿಂತ ಬೋಕಿ ದೊಡ್ಡದೇ ಎಂಬುದು ಮೊದಲನೆಯದು. ಆಕ್ಷೇಪವು ಗೌರವಾರ್ಹವಾಗಿದೆ, ಅದನ್ನು ಹೇಳುವವರು ಒಕ್ಕಲಿಗರೇ ಆಗಿದ್ದರೆ. ಆದರೆ ಹೊಲವನ್ನು ಲಾವಣಿಗೆ ಹಾಕಿ ಪಟ್ಟಣದಲ್ಲಿ ವಾಸಿಸುತ್ತ, ದಿಬ್ಬದ ಮಣ್ಣನ್ನು ಹೇರಿಗಿಷ್ಟೆಂದು ಮಾರುವ ಸುಶಿಕ್ಷಿತ ಒಡೆಯರ ಬಾಯಲ್ಲಿ ಈ ಮಾತು ಒಪ್ಪುವುದಿಲ್ಲ. ಮೇಲಾಗಿ ದಿಬ್ಬವನ್ನೆಲ್ಲ ಮುಟ್ಟಬಾರದೆಂದು ಯಾರೂ ಹಟ ಹಿಡಿಯುವುದಿಲ್ಲ. ಪುರಾತತ್ತ್ವಜ್ಞರು ಅಗೆಯುವಾಗಲೂ ಮುಂದಿನವರ ಪರೀಕ್ಷೆಗೆಂದು ಒಂದು ಪಾಲನ್ನು ಅಗೆಯದೆ ಬಿಡುತ್ತಾರೆ. ನಾಲ್ಕರಲ್ಲಿ ಒಂದು ಪಾಲನ್ನಾದರೂ ಬಿಟ್ಟುಕೊಡುವುದು ಒಡೆತನಕ್ಕೆ ಅಷ್ಟು ದೊಡ್ಡ ನಷ್ಟವೇ?

ಕನ್ನಡ ನಾಡು ಶಾಸನಗಳ ಗಣಿಯಾಗಿದೆ, ಶಾಸನಗಳಿರುವಲ್ಲಿ ಬೋಕಿಯ ಗೊಡವೆ ಏಕೆ ಎಂಬುದು ಎರಡನೆಯ ಆಕ್ಷೇಪ. ರೈಸರ ಹನ್ನೆರಡು ಸಂಪುಟಗಳನ್ನೂ, ಫ್ಲೀಟರ ಪರಿಶ್ರಮವನ್ನೂ, ಆಮೇಲೆ ಬಂದ ಬೊಂಬಾಯಿ-ಕರ್ನಾಟಕದ ಶಾಸನ ಸಂಗ್ರಹಗಳನ್ನೂ ಗೌರವಿಸದವನು ಕನ್ನಡಿಗನಲ್ಲ. ಆದರೆ ಶಾಸನವು ಬರೆಯಿಸಿದವನ ಮಾತನ್ನು ಆಡುತ್ತದೆ. ದತ್ತಿ ಕೊಟ್ಟವರು, ಪಡೆದವರು, ಸಾಕ್ಷಿ ನಿಂತ ಮಹಾಜನರು ಮತ್ತು ಗಾವುಂಡರು, ಕಾದಿ ಬಿದ್ದ ವೀರರು, ಇವರೆಲ್ಲ ಅಲ್ಲಿ ಉಂಟು. ಆ ದತ್ತಿಯ ಭೂಮಿಯನ್ನು ಉತ್ತವನ ಮನೆಯ ಅಂಬಲಿ ಯಾವ ಕಾಳಿನದು? ಶಿಲೆ ಹೇಳುವುದಿಲ್ಲ, ಮಣ್ಣು ಹೇಳುತ್ತದೆ. ದಕ್ಷಿಣದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಸುಟ್ಟ ಕಾಳುಗಳನ್ನು ಸೋಸಿ ಪರೀಕ್ಷಿಸಿದ ಡೋರಿಯನ್ ಫುಲ್ಲರ್ ಮೊದಲಾದವರು, ಆ ಕಾಲದ ಜನರ ಮುಖ್ಯ ಆಹಾರವು ಹುರುಳಿ, ಹೆಸರು, ಕೊರಲೆ ಮೊದಲಾದ ಕಾಳುಗಳಾಗಿತ್ತೆಂದು ತೋರಿಸಿದ್ದಾರೆ. ಯರೆ ನೆಲದ ಹಳೆಯ ಹಗೇವುಗಳ ತಳದಲ್ಲಿ ಇಂಥ ಕಾಳುಗಳೇ ಇರಬಹುದು. ಮುಚ್ಚುವ ಮುನ್ನ ಒಂದು ಬೊಗಸೆ ಮಣ್ಣನ್ನು ತೆಗೆದಿಟ್ಟವರುಂಟೇ? ತುಂಗಭದ್ರೆಯ ದಂಡೆಯ ಹಳ್ಳೂರು ೧೯೬೫ರ ಸುಮಾರಿಗೆ ಡಾ. ಎಂ. ಎಸ್. ನಾಗರಾಜರಾಯರು ಅಗೆಯಿಸಿದ ನೆಲೆ. ಆ ಊರು ಅಂದು ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ಅಲ್ಲಿಯ ಇದ್ದಲಿನಿಂದ, ಕಬ್ಬಿಣವು ಕ್ರಿ. ಪೂ. ೧೦೦೦ದ ಸುಮಾರಿಗೇ ಈ ಸೀಮೆಗೆ ಬಂದಿತ್ತೆಂದು ಗೊತ್ತಾಯಿತು. ಅಲ್ಲಿಯ ಎಲುಬುಗಳಲ್ಲಿ ಕುದುರೆಯವೂ ಇವೆಯೆಂದು ಪಶುವೈದ್ಯರಾದ ಕೆ. ಆರ್. ಆಲೂರರು ಹೇಳಿದ್ದರಿಂದ ಎದ್ದ ವಾದವು ದೇಶದ ಪ್ರಾಚೀನ ಇತಿಹಾಸದ ಬುಡವನ್ನೇ ಮುಟ್ಟಿತು. ನಾಯಿಗೂ ಬೇಡವಾದ ಎಲುಬಿನ ಚೂರುಗಳು ಪಂಡಿತಲೋಕವನ್ನು ಅಷ್ಟು ಕಾಲ ಅಲ್ಲಾಡಿಸಿದವು! ಯಾವ ಪಕ್ಷವು ಸರಿಯೆಂಬುದು ಬೇರೆ ಮಾತು. ಎಲುಬುಗಳನ್ನು ಕಾದಿಟ್ಟಿರದಿದ್ದರೆ ಪಕ್ಷಗಳೇ ಇರುತ್ತಿರಲಿಲ್ಲ.

ಇದೆಲ್ಲ ಸರಕಾರದ ಕೆಲಸವೆಂಬುದು ಮೂರನೆಯ ಆಕ್ಷೇಪ. ವಿದ್ಯಾವಂತರಿಗೆ ಅತ್ಯಂತ ಪ್ರಿಯವಾದ ಆಕ್ಷೇಪವೂ ಇದೇ. ಕಾಯದೆಯ ಕಣ್ಣು ಎಲ್ಲಿಗೆ ನೆಟ್ಟಿತ್ತೆಂಬುದನ್ನು ೧೮೭೮ರ ನಿಧಿ ಕಾಯದೆಯಿಂದಲೇ ಅರಿಯಬಹುದು. ನೆಲದಲ್ಲಿ ಸಿಕ್ಕ ವಸ್ತುವಿನ ಬೆಲೆ ಹತ್ತು ರೂಪಾಯಿಗಿಂತ ಹೆಚ್ಚಾಗಿ ಇದ್ದರೆ ಕಲೆಕ್ಟರರಿಗೆ ತಿಳಿಸಬೇಕೆಂದು ಅದು ವಿಧಿಸಿತು. ಬೋಕಿಗೆ ಹತ್ತು ರೂಪಾಯಿ ಯಾರು ಕಟ್ಟುವರು? ಕ್ಲಾಡಿಯಾ ಸೆವೆರಾಳ ಓಲೆಯೂ ಮಸಿ ಕಾಣುವ ಮುಂಚೆ ಆ ತಕ್ಕಡಿಯಲ್ಲಿ ತೂಗಿದ್ದರೆ ಒಲೆಗೆ ಹೋಗಬೇಕಾದ ಸೌದೆಯೇ. ಆಮೇಲೆ ೧೯೫೮ರಲ್ಲಿ ಕೇಂದ್ರದ ಕಾಯದೆಯೂ, ೧೯೬೧ರಲ್ಲಿ ರಾಜ್ಯದ ಕಾಯದೆಯೂ ಬಂದು ಪ್ರಾಚೀನ ನೆಲೆಗಳಿಗೆ ರಕ್ಷಣೆಯನ್ನು ಕೊಟ್ಟವು. ಆದರೆ ರಕ್ಷಿತವೆಂದು ಪ್ರಕಟಿಸಿದ ನೆಲೆಗಳಿಗೇ ಆ ರಕ್ಷಣೆ. ಪಟ್ಟಿಗೆ ಸೇರದ ದಿಬ್ಬವು ಕಾಯದೆಯ ದೃಷ್ಟಿಯಲ್ಲಿ ಬರಿಯ ಮಣ್ಣು. ಅದು ಪಟ್ಟಿಗೆ ಸೇರಬೇಕಾದರೆ ಅದು ಇದೆಯೆಂದು ಮೊದಲು ಯಾರಾದರೂ ಹೇಳಬೇಕು. ಪ್ರತಿಯೊಂದು ಹಳ್ಳಿಯ ಪ್ರತಿಯೊಂದು ಹೊಲದಲ್ಲಿ ಸರಕಾರದ ಕಣ್ಣಿರಲಾರದು. ಆದರೆ ಪ್ರತಿಯೊಂದು ಹಳ್ಳಿಯಲ್ಲಿಯೂ ಶಾಲೆಯುಂಟು, ಓದುಬರಹ ಬಲ್ಲ ಮನೆಗಳುಂಟು.

ಆ ಮನೆಗಳಿಂದ ಆಗಬೇಕಾದುದು ದೊಡ್ಡ ಸಾಹಸವೇನಲ್ಲ. ಗುದ್ದಲಿ ಹಿಡಿದು ತಾವೇ ಅಗೆಯಬಾರದು. ಅರೆಬರೆ ತಿಳಿದವನ ಗುದ್ದಲಿಯು ನಿಧಿಗಳ್ಳನ ಗುದ್ದಲಿಗಿಂತ ಹೆಚ್ಚು ಕರುಣೆಯುಳ್ಳದ್ದಲ್ಲ. ನೇಗಿಲಿಗೋ ಕಾಲುವೆಯ ಅಗೆತಕ್ಕೋ ತಾನಾಗಿ ಬಂದ ಬೋಕಿಗಳಲ್ಲಿ ನಾಲ್ಕನ್ನು ಚೀಲದಲ್ಲಿ ಹಾಕಿ, ಯಾವ ಊರು, ಯಾವ ಹೊಲ, ರಿ. ಸ. ನಂಬರು ಎಷ್ಟು, ಎಷ್ಟು ಆಳ, ಯಾವ ತಾರೀಖು ಎಂದು ಚೀಟಿ ಬರೆದು ಒಳಗಿಡಬೇಕು. ಊರ ದಿಬ್ಬ, ಹುಡೇವು, ಹಗೇವುಗಳ ನಕ್ಷೆಯನ್ನು ಶಾಲೆಯ ಮಕ್ಕಳಿಂದಲೇ ತೆಗೆಯಿಸಿ ಇಡಬೇಕು. ೧೯೩೯ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆಯಂಥವು ಹತ್ತಿರದಲ್ಲಿಯೇ ಇರುವಾಗ, ತಿಳಿದವರಿಗೆ ಒಂದು ಕಾಗದ ಬರೆಯುವುದು ಕಷ್ಟವಲ್ಲ. ನಾಣ್ಯ ಸಿಕ್ಕರೆ ತಿಕ್ಕಿ ಹೊಳಪೇರಿಸದೆ, ಅದು ಸಿಕ್ಕ ಮಣ್ಣಿನ ಸಮೇತ, ಅದರ ಸುತ್ತಣ ಬೋಕಿಗಳ ಸಮೇತ ಒಪ್ಪಿಸಬೇಕು. ನೆರೆಹೊರೆಯಿಲ್ಲದ ನಾಣ್ಯವು ಊರು ಕೇಳಿದರೆ ಹೇಳಲಾರದ ಮೂಕನಂತೆ.

ಗತವೈಭವದ ಅಭಿಮಾನವು ಕನ್ನಡಿಗರನ್ನು ಎಚ್ಚರಿಸಿದ್ದು ನಿಜ. ಆಲೂರ ವೆಂಕಟರಾಯರ ೧೯೧೭ರ ಗ್ರಂಥವು ಮಾಡಿದ ಉಪಕಾರವನ್ನು ಯಾರೂ ಮರೆಯಲಾರರು. ಆದರೆ ಎಚ್ಚತ್ತವನು ಹಾಸಿಗೆಯಲ್ಲಿಯೇ ಕುಳಿತು ವೈಭವವನ್ನು ಹೊಗಳುತ್ತಿದ್ದರೆ ಎಚ್ಚತ್ತ ಫಲವೇನು? ವೈಭವವೆಂದರೆ ಅರಸರ ಕಿರೀಟವಷ್ಟೇ ಅಲ್ಲ, ರೋಮಿನ ಚಿನ್ನವಂತೂ ಅಲ್ಲ. ಮೂರು ಸಾವಿರ ವರ್ಷಗಳ ಹಿಂದೆ ಈ ಕರಿಯ ನೆಲದ ಮೇಲೆ ಹುರುಳಿ ಬಿತ್ತಿದವನೂ, ಆ ಹುರುಳಿಯನ್ನು ಬೇಯಿಸಲು ಗಡಿಗೆ ತಟ್ಟಿದವಳೂ ಅದರಲ್ಲಿ ಪಾಲುದಾರರು. ಅವರ ಹೆಸರು ಯಾವ ಶಿಲೆಯಲ್ಲಿಯೂ ಇಲ್ಲ. ಅವರು ಬಿಟ್ಟುಹೋದ ಸಹಿಯೆಂದರೆ ಬೋಕಿಯ ಅಂಚಿನಲ್ಲಿ ಒತ್ತಿದ ಬೆರಳ ಗುರುತು ಮಾತ್ರ.

ಮುಂದಿನ ಹಂಗಾಮಿನಲ್ಲಿ ಯರಗುಪ್ಪಿಯ ಸುತ್ತಣ ಹೊಲಗಳಲ್ಲಿ ರಂಟೆ ಹೂಡಿದಾಗ ಮತ್ತೆ ಬೋಕಿಗಳು ಮೇಲೆ ಬಂದಾವು. ಅವನ್ನು ಒಡ್ಡಿನಾಚೆಗೆ ಎಸೆಯುವ ಮುನ್ನ ಒಂದನ್ನಾದರೂ ತಿರುವಿ ನೋಡಿ, ಸಿಕ್ಕ ಸ್ಥಳವನ್ನು ಬರೆದಿಡುವವರು ಆ ಊರಿನಲ್ಲಿ ಒಬ್ಬರಾದರೂ ಹುಟ್ಟಿದರೆ, ಹತ್ತು ರೋಮನ್ ನಾಣ್ಯಗಳು ಸಿಕ್ಕುದಕ್ಕಿಂತ ದೊಡ್ಡ ಲಾಭವು ಜಿಲ್ಲೆಗೆ ಆದಂತೆಯೇ ಸರಿ.